ಬ ಇಲ್ಲದ ಮನೆ

ನಮ್ಮ ಮನೆಯ ಹೆಂಗಸರಿಗೆ ‘ಬ’ ಇರಲಿಲ್ಲ. ತವರಿನಿಂದ ಬರುವಾಗ ಎಲ್ಲರಂತೆ ಅವರೂ ಅದನ್ನು ಬಾಯಲ್ಲಿ ಇಟ್ಟುಕೊಂಡೇ ಬಂದಿದ್ದರು. ಬಸವಕಲ್ಯಾಣದ ನಮ್ಮ ಹೊಸ್ತಿಲು ದಾಟಿದ ದಿನ ಅದನ್ನು ಹೊರಗೇ ಬಿಡಬೇಕಾಯಿತು. ಯಾಕೆಂದರೆ ನನ್ನ ಅಜ್ಜನ ಹೆಸರು ಬಸಲಿಂಗಪ್ಪ. ನಮ್ಮ ಕಡೆ ಅಜ್ಜನಿಗೆ ಮುತ್ಯಾ, ಅಜ್ಜಿಗೆ ಆಯಿ ಅನ್ನುತ್ತೇವೆ. ಮನೆಯ ಹಿರಿಯನ ಹೆಸರನ್ನು ಹೆಂಡತಿಯಾಗಲಿ ಸೊಸೆಯಾಗಲಿ ಬಾಯಿಬಿಟ್ಟು ಹೇಳಬಾರದು ಎನ್ನುವುದು ಆಗ ಎಲ್ಲರ ಮನೆಯಲ್ಲೂ ಇದ್ದದ್ದೇ, ಈಗಲೂ ಎಷ್ಟೋ ಮನೆಗಳಲ್ಲಿ ಇದೆ. ನಮ್ಮ ಆಯಿಗೆ ಅಷ್ಟು ಸಾಲದು. ಹೆಸರಿನ ಮೊದಲ ಸಪ್ಪಳ ಬೇರೆ ಯಾವ ಮಾತಿನ ಮೊದಲಿಗೆ ಬಂದರೂ ಅದನ್ನು ಕಿತ್ತುಹಾಕಿ ಮಿಕ್ಕದ್ದನ್ನು ಮಾತ್ರ ಹೇಳಬೇಕು. ಬೆಲ್ಲ ‘ಎಲ್ಲ’ ಆಗುತ್ತಿತ್ತು, ಬೆಂಕಿ ‘ಎಂಕಿ’, ಬಾಗಿಲು ‘ಆಗಿಲ’, ಬಿಸಿಲು ‘ಇಸಿಲ’. ಬೀದರ್ ಅವರ ಪಾಲಿಗೆ ‘ಈದರ’. ಮುತ್ಯಾನದು ಪಾತ್ರೆ ಅಂಗಡಿ, ನಮ್ಮ ಕಡೆ ಪಾತ್ರೆಗೆ ಭಾಂಡಿ ಅನ್ನುತ್ತಾರೆ, ಅದು ಆಯಿಯ ಬಾಯಲ್ಲಿ ‘ಆಂಡಿ’. ಪೂಜೆಗೆ ಏರಿಸುವ ಬಿಲ್ವಪತ್ರೆಯನ್ನೂ ‘ಇಲ್ಪತ್ರಿ’ ಮಾಡಿ ದೇವರಿಗೆ ಕೊಡುತ್ತಿದ್ದರು, ದೇವರು ಯಾವತ್ತೂ ತಕರಾರು ಮಾಡಲಿಲ್ಲ. ಊರಿನ ಹೆಸರಿಗೆ ಮಾತ್ರ ತೊಂದರೆ ಆಗಲಿಲ್ಲ, ಊರವರೆಲ್ಲ ಬರೀ ಕಲ್ಯಾಣ ಅಂತಲೇ ಅನ್ನುತ್ತಿದ್ದರು. ನಮ್ಮ ಅವ್ವ ಮಕ್ಕಳನ್ನು ಊಟಕ್ಕೆ ‘ಆ, ಉಣ್ಣಾಕ ಆ’ ಎಂದು ಕರೆಯುವಾಗ ಹೊಸಬರು ಅವಳು ಆಕಳಿಸುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು.

ಮನೆ ಉದ್ದಕ್ಕೆ ಇತ್ತು. ರಸ್ತೆಗೆ ಮುಖ ಮಾಡಿ ಅಂಗಡಿ, ಅದರ ಬೆನ್ನಿಗೆ ಗಂಡಸರು ಕೂರುವ ಪಡಸಾಲೆ, ಆಮೇಲೆ ಸಣ್ಣ ಅಂಗಳ, ಅಂಗಳದ ಆಚೆ ದೇವರ ಕೋಣೆ, ಅಡುಗೆಮನೆ, ಜೋಳದ ಚೀಲಗಳನ್ನು ಒಟ್ಟಿದ ಕತ್ತಲೆ ಕೋಣೆ. ಮುಂದುಗಡೆ ಗಿರಾಕಿಗಳು ಕೊಡ ತಟ್ಟಿ ನೋಡುವ ಸದ್ದು, ಹಿಂದುಗಡೆ ಅವ್ವ ರೊಟ್ಟಿ ಬಡಿಯುವ ಸದ್ದು. ‘ಬ’ ಪಡಸಾಲೆಯ ತನಕ ಆರಾಮಾಗಿ ಓಡಾಡಿ ಅಂಗಳದ ಹತ್ತಿರ ನಿಂತುಬಿಡುತ್ತಿತ್ತು. ಅಪ್ಪ ಊಟಕ್ಕೆ ಕೂತು ಬ್ಯಾಳಿ ಹಾಕು ಅಂದರೆ, ಅವ್ವ ಸೌಟು ಹಿಡಿದು ಇನ್ನಷ್ಟು ‘ಯಾಳಿ’ ಹಾಕಲೇನ್ರಿ ಎಂದು ಕೇಳುತ್ತಿದ್ದಳು. ಒಂದೇ ತಟ್ಟೆಯ ಮೇಲೆ ಒಂದೇ ಬೇಳೆಗೆ ಎರಡು ಹೆಸರು. ಅಪ್ಪನಿಗೆ ಅದು ಕಿವಿಗೇ ಬೀಳುತ್ತಿರಲಿಲ್ಲ. ನಾನು ಹುಟ್ಟಿದ ಮೇಲೆ ಕೆಲವು ವರ್ಷ ಅವ್ವನ ತವರು ದುಬಲಗುಂಡಿಯಲ್ಲಿ ಬೆಳೆದವಳು. ಅಲ್ಲಿ ಬೆಲ್ಲ ಬೆಲ್ಲವೇ ಆಗಿತ್ತು. ಶಾಲೆಗೆ ಹಾಕುವ ವಯಸ್ಸಿಗೆ ಕಲ್ಯಾಣಕ್ಕೆ ಕರೆತಂದಾಗ ಈ ಹೆಂಗಸರು ಏನೋ ಆಟ ಆಡುತ್ತಿದ್ದಾರೆ ಎಂದೇ ನಾನು ತಿಳಿದೆ. ಬಾಯಿಗೂ ಆಯಿ, ಅಜ್ಜಿಗೂ ಆಯಿ. ಅಜ್ಜಿ ನನಗೆ ‘ಆಯಿ ಮುಚ್ಚು’ ಅಂದಾಗ ಯಾರನ್ನು ಮುಚ್ಚಲಿ ಎಂದು ಕೇಳಿ ತೊಡೆ ಕೆಂಪಾಗುವಂತೆ ಚಿವುಟಿಸಿಕೊಂಡೆ. ಮೊಮ್ಮಗಳಿಗೆ ಈ ನೇಮ ಇರಲಿಲ್ಲ, ನನಗೆ ‘ಬ’ ನಡೆಯುತ್ತಿತ್ತು. ನಗುವುದು ಮಾತ್ರ ನಡೆಯುತ್ತಿರಲಿಲ್ಲ.

ನಗಬಾರದು ಎನ್ನುವುದಕ್ಕೆ ಕಾರಣ ಇತ್ತು, ಅದು ನನಗೆ ಸ್ವಲ್ಪ ತಡವಾಗಿ ತಿಳಿಯಿತು. ನಾನು ದುಬಲಗುಂಡಿಯಲ್ಲಿ ಇದ್ದಾಗ ಅವ್ವನಿಗೆ ಒಂದು ಗಂಡು ಕೂಸು ಹುಟ್ಟಿ, ಹೆಸರಿಡುವ ಮೊದಲೇ ಜ್ವರ ಬಂದು ಹೋಯಿತು. ಆಗ ಮಕ್ಕಳು ಹಾಗೆ ಹೋಗುತ್ತಿದ್ದವು. ಆದರೆ ಜ್ವರ ಬರುವ ಮೊದಲು, ಆ ವಾರವೇ, ಒಲೆಯ ಕಿಡಿ ಅವ್ವನ ಸೆರಗಿಗೆ ತಾಗಿ, ಅವಳು ಭಯಕ್ಕೆ ‘ಬೆಂಕಿ’ ಎಂದು ಇಡಿಯಾಗಿ ಕೂಗಿಬಿಟ್ಟಿದ್ದಳಂತೆ, ಅದೂ ಮುತ್ಯಾ ಪಡಸಾಲೆಯಲ್ಲಿ ಕೂತಿರುವಾಗ. ಆಯಿ ಜಗಳ ಮಾಡುವ ಹೆಂಗಸಲ್ಲ. ಕೂಸನ್ನು ಒಯ್ದ ದಿನ ಅವ್ವನ ಹತ್ತಿರ ಕೂತು ಅವಳ ಬೆನ್ನು ಸವರುತ್ತಲೇ ಒಂದು ಮಾತು ಹೇಳಿದಳಂತೆ.

“ಮನಿ ಹಿರ್ಯಾನ ಹೆಸರು ಹೆಂಗಸರ ನಾಲಿಗಿ ಮ್ಯಾಲ ಸವದಂಗ ಮನ್ಯಾಗಿನ ಆಯುಷ್ಯ ಸವೀತದ ನೋಡವಾ. ಅವರಿಗಿ ಆಗೋದು ಕೂಸಿಗಿ ಆಯ್ತು.”

ಇದನ್ನು ಆಯಿ ಕೆಟ್ಟತನದಿಂದ ಹೇಳಲಿಲ್ಲ, ನಂಬಿ ಹೇಳಿದಳು. ಅವಳ ಅತ್ತೆ ಅವಳಿಗೆ ಹೇಳಿದ್ದನ್ನೇ ಹೇಳಿದಳು. ಅದೇ ನನ್ನನ್ನು ಹೆಚ್ಚು ಕೆರಳಿಸುತ್ತದೆ. ಕೆಟ್ಟವಳಾಗಿದ್ದರೆ ಒಂದೆರಡು ಬೈದು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಆಮೇಲೆ ಹುಟ್ಟಿದವನು ನನ್ನ ತಮ್ಮ ಶರಣು. ಅವನನ್ನು ಹೆತ್ತ ದಿನದಿಂದ ಅವ್ವ ನಿದ್ದೆಯಲ್ಲಿಯೂ ‘ಬ’ ಅನ್ನಲಿಲ್ಲ. ಬೇರೆ ತಾಯಂದಿರು ಮಕ್ಕಳಿಗೆ ತಾಯತ ಕಟ್ಟುತ್ತಾರೆ, ಇವಳು ತನ್ನ ಬಾಯಿ ಕಟ್ಟಿಕೊಂಡಳು.

ಶರಣು ಹೆಂಗಸರ ಸೆರಗಿನಲ್ಲೇ ಬೆಳೆದ ಹುಡುಗ. ಆಯಿಯ ತೊಡೆ, ಅವ್ವನ ಕಂಕುಳು, ಒಲೆಯ ಮುಂದಿನ ಮಣೆ ಇಷ್ಟೇ ಅವನ ಊರು. ಮುತ್ಯಾನ ಮುಂದೆ ನಾವು ಮಕ್ಕಳು ಮಾತಾಡುತ್ತಿರಲಿಲ್ಲ. ಅವನು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿ, ಕೊಟ್ಟ ಪೆಪ್ಪರಮಿಂಟು ತೆಗೆದುಕೊಂಡು ಓಡಿಬರುತ್ತಿದ್ದೆವು. ಅಪ್ಪನ ಮುಂದೆಯೂ ಶರಣುವಿನದು ಬರೀ ಹೂಂ, ಊಹೂಂ. ಹಾಗಾಗಿ ಅವನು ದೊಡ್ಡ ಗಂಡಸರ ಮುಂದೆ ಬಾಯಿ ತೆರೆದದ್ದು ಶಾಲೆಗೆ ಸೇರಿದ ಮೇಲೆಯೇ. ನಾನು ಆಗ ನಾಲ್ಕನೆಯ ಇಯತ್ತೆಯಲ್ಲಿದ್ದೆ, ನಮ್ಮ ಕೋಣೆಗೂ ಒಂದನೆಯವರ ಕೋಣೆಗೂ ನಡುವೆ ಅರ್ಧ ಗೋಡೆ ಮಾತ್ರ. ಮಾಸ್ತರರು ಅಕ್ಷರದ ತಖ್ತೆ ತೂಗುಹಾಕಿ, ಕೋಲು ಚಿತ್ರದ ಮೇಲೆ ಇಟ್ಟು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಿದ್ದರು. ಗಡಿಗೆಯ ಚಿತ್ರಕ್ಕೆ ಶರಣು ‘ಅಡಿಗಿ’ ಅಂದ. ಮರಕ್ಕೆ ‘ಅರ’. ಬಳೆಗೆ ನಮ್ಮ ಕಡೆ ಬಳಿ ಅನ್ನುತ್ತಾರೆ, ಅದಕ್ಕೆ ‘ಅಳಿ’. ಹುಡುಗರು ಹೊಟ್ಟೆ ಹಿಡಿದು ನಕ್ಕರು. ಮಾಸ್ತರರು ಮೊದಲ ದಿನ ತಾವೂ ನಕ್ಕರು, ಎರಡನೆಯ ದಿನ ತುಂಟತನ ಎಂದು ಗದರಿದರು, ಆಮೇಲೆ ಅವನನ್ನು ಹೊರಗೆ ಬಿಸಿಲಲ್ಲಿ ನಿಲ್ಲಿಸುವುದು ಶುರುವಾಯಿತು. ಅವನು ತಿರುಗಿ ಹೇಳದೆ, ಅಳದೆ, ಕೈ ಕಟ್ಟಿ ನೆಟ್ಟಗೆ ನಿಂತಿರುತ್ತಿದ್ದ. ಅರ್ಧ ಗೋಡೆಯ ಮೇಲಿಂದ ಅವನ ಕೆಂಪು ಕಿವಿಗಳನ್ನು ನೋಡುತ್ತ ನನ್ನ ಲೆಕ್ಕವೆಲ್ಲ ತಪ್ಪುತ್ತಿತ್ತು. ದಸರೆಗೆ ಮೊದಲು ಮಾಸ್ತರರು ಅಂಗಡಿಗೇ ಬಂದು ಅಪ್ಪನಿಗೆ ಹೇಳಿದರು.

“ನಿಮ್ಮ ಹುಡುಗ ಎಲ್ಲಾ ಮಾತಿನ ತಲಿ ಕಡೀತಾನ್ರಿ. ನಾಲಿಗಿ ದಪ್ಪ ಇರಬೇಕು, ಇಲ್ಲಾ ತಲಿ ದಪ್ಪ ಇರಬೇಕು. ಹಿಂಗಾದ್ರ ಅಂವಗ ಓದಾಕ ಬರಂಗಿಲ್ಲ.”

ಅಂದು ಊಟದ ಹೊತ್ತಿಗೆ ಮನೆಯಲ್ಲಿ ರಣರಂಪ. ಅಪ್ಪ ಅವ್ವನ ಮೇಲೆ ಕೂಗಾಡಿದ, ನೀನೇ ಮುದ್ದು ಮಾಡಿ ಕೆಡಿಸಿದ್ದೀ ಅಂದ. ಅವ್ವ ಬಡಿಸುತ್ತಲೇ ಇದ್ದಳು. ಆಯಿ ನಾಲಿಗೆ ತಿಳಿಯಾಗಲು ಬಜೆ ತೇಯ್ದು ನೆಕ್ಕಿಸಬೇಕು ಅಂದಳು, ಅವಳು ಅಂದದ್ದು ‘ಅಜಿ’ ಅಂತ. ಔಷಧದ ತಲೆಯನ್ನೂ ಕಡಿದ ಮೇಲೆ ಅದು ಹ್ಯಾಗೆ ನಾಟುತ್ತದೆ ಎಂದು ನಾನು ಗೊಣಗಿದೆ. ಅಪ್ಪ ನನಗೂ ಎರಡು ಬಿಗಿದ. ದಿನಾ ಬೆಳಿಗ್ಗೆ ಜೇನು ಕಲಸಿದ ಬಜೆ ನೆಕ್ಕಿ ಶರಣುವಿನ ಬಾಯಿ ಒಗರಾಯಿತು, ಬೇರೇನೂ ಆಗಲಿಲ್ಲ. ಶಾಲೆಯಲ್ಲಿ ಅವನು ಈಗ ಮಾತೇ ನಿಲ್ಲಿಸಿದ್ದ. ಕೇಳಿದರೆ ಕೋಲನ್ನೇ ನೋಡುತ್ತ ನಿಲ್ಲುತ್ತಿದ್ದ.

ಈ ವಿಷಯದಲ್ಲಿ ನನ್ನ ತಲೆ ಇಷ್ಟು ಕೆಡುವುದಕ್ಕೆ ಇನ್ನೊಂದು ಕಾರಣ ಉಂಟು. ಮುಂದೆ ನಾನೇ ಸಣ್ಣ ಮಕ್ಕಳಿಗೆ ಪಾಠ ಹೇಳಿ ಜೀವನ ಮಾಡಿದೆ. ಈಗ ಹುಮನಾಬಾದಿನಲ್ಲಿ ಇದ್ದೇನೆ, ಕೆಲಸ ಬಿಟ್ಟು ಬಹಳ ಕಾಲವಾಯಿತು. ಈಚೆಗೆ ಅಂಗನವಾಡಿಯವರಿಗೊಂದು ತರಬೇತಿ ಇಟ್ಟು, ಹಳಬಳು ಎಂದು ನನ್ನನ್ನೂ ಕರೆದರು. ಪಾಠ ಹೇಳಲು ಬಂದ ಹುಡುಗಿ ಚುರುಕಾಗಿದ್ದಳು. ಅಕ್ಷರ ತೋರಿಸುವ ಮೊದಲು ಮಗುವಿನ ಕಿವಿ ತೆರೆಯಬೇಕು, ಮಾತಿನೊಳಗೆ ಸಪ್ಪಳಗಳಿವೆ ಎಂದು ಮಗುವಿಗೆ ಕೇಳಿಸಿದರೆ ಅಕ್ಷರ ತಾನಾಗಿ ಹತ್ತುತ್ತದೆ ಅಂದಳು. ಸರಿಯಾದ ಮಾತು. ಆಮೇಲೆ ಒಂದು ಆಟ ಹೇಳಿದಳು. ಬೆಲ್ಲ ಎನ್ನುವ ಮಾತಿನಿಂದ ಮೊದಲ ಸಪ್ಪಳ ತೆಗೆದರೆ ಏನು ಉಳಿಯುತ್ತದೆ? ಅಕ್ಷರ ಕಲಿತ ನಮಗೆ ‘ಬೆ’ ಒಂದೇ ಗಂಟಾಗಿ ಕಾಣುತ್ತದೆ, ಅದಕ್ಕೇ ಸುತ್ತ ಕೂತ ಹೆಂಗಸರೆಲ್ಲ ‘ಲ್ಲ’ ಅಂದರು. ನನ್ನ ಬಾಯಿಂದ ‘ಎಲ್ಲ’ ಎಂದು ಬಂದೇ ಹೋಯಿತು. ಹುಡುಗಿ ಚಪ್ಪಾಳೆ ತಟ್ಟಿಸಿದಳು, ಎಲ್ಲಿ ಕಲಿತಿರಿ ಅಮ್ಮಾ ಎಂದು ಕೇಳಿದಳು. ನಾನು ಚಹಾ ಯಾವಾಗ ಕೊಡುತ್ತೀರಿ ಎಂದು ಕೇಳಿದೆ. ಅವಳಿಗೆ ಬೇಜಾರಾಗಿರಬೇಕು, ಪಾಪ. ಆದರೆ ನಮ್ಮ ಮನೆಯಲ್ಲಿ ಅದು ಆಟ ಆಗಿರಲಿಲ್ಲ ಎಂದು ಅಷ್ಟು ಜನರ ನಡುವೆ ನಾನು ಹೇಗೆ ವಿವರಿಸಲಿ? ಸಪ್ಪಳ ತೆಗೆಯುವುದನ್ನು ಉಸಿರಾಡಿದಷ್ಟು ಸಲೀಸಾಗಿ ಕಲಿತ ಹುಡುಗನನ್ನೇ ದಡ್ಡ ಎಂದು ಬಿಸಿಲಲ್ಲಿ ನಿಲ್ಲಿಸಿದ್ದರು.

ಅವನು ದಡ್ಡನಲ್ಲ ಎಂದು ನನಗೆ ಗೊತ್ತಾದದ್ದು ಜೋಳದ ಕೋಣೆಯಲ್ಲಿ. ಅಪ್ಪನಿಂದ ಪೆಟ್ಟು ತಿಂದ ಮೇಲೆ ನಾನೇ ಅವನಿಗೆ ಕಲಿಸುತ್ತೇನೆ ಎಂದು ಹಟ ಹಿಡಿದೆ. ಮಧ್ಯಾಹ್ನ ಶಾಲೆ ಬಿಟ್ಟು ಬಂದ ಮೇಲೆ, ಆಯಿ ಮಲಗಿರುವ ಹೊತ್ತಿಗೆ, ಅವನನ್ನು ಚೀಲಗಳ ಸಂದಿಗೆ ಎಳೆದುಕೊಂಡು ಹೋಗುತ್ತಿದ್ದೆ. ಬಾಗಿಲ ಸಂದಿಯಿಂದ ಬಿಸಿಲಿನ ಒಂದು ಪಟ್ಟಿ ನೆಲದ ಮೇಲೆ ಬೀಳುತ್ತಿತ್ತು, ಅಷ್ಟೇ ನಮ್ಮ ಪಾಟಿ. ಅವನಿಗೆ ಮೊದಲ ಸಪ್ಪಳ ಕೇಳಿಸುತ್ತಿಲ್ಲ ಎಂದೇ ನಾನೂ ಎಲ್ಲರಂತೆ ತಿಳಿದಿದ್ದೆ. ಅದಕ್ಕೆ ಒಂದೊಂದು ಸಪ್ಪಳಕ್ಕೆ ಒಂದೊಂದು ಜೋಳದ ಕಾಳು ಇಡುವುದು ಎಂದು ಮಾಡಿದೆ. ಬಳಿ ಅಂದರೆ ನಾಲ್ಕು ಕಾಳು. ತುಟಿ ಮುಚ್ಚಿ ತೆರೆಯುವಾಗ ಒಂದು, ಬಾಯಿ ತೆರೆದಾಗ ಒಂದು, ನಾಲಿಗೆ ಮಡಚಿದಾಗ ಒಂದು, ಕೊನೆಯ ಇಕಾರಕ್ಕೆ ಒಂದು. ಅವನ ಬೆರಳನ್ನು ಅವನ ತುಟಿಯ ಮೇಲೆ ಇಟ್ಟು, ತುಟಿ ಕೂಡಿತೋ ಇಲ್ಲವೋ ನೋಡು ಅಂದೆ. ಅವನಿಗೆ ಇದು ನೀರು ಕುಡಿದಷ್ಟು ಸುಲಭವಾಗಿತ್ತು. ನಾನು ಮರ ಅನ್ನುವಷ್ಟರಲ್ಲಿ ಕಾಳು ಇಟ್ಟು ಮುಗಿಸುತ್ತಿದ್ದ. ಗಡಿಗೆಯಲ್ಲಿ ನಾನೇ ಒಂದು ಕಾಳು ತಪ್ಪಿದಾಗ ಅವನು ನಕ್ಕು ಸರಿಮಾಡಿದ. ನನ್ನ ಹತ್ತಿರ ಬಳಿ ಅನ್ನುತ್ತಿದ್ದ, ಮರ ಅನ್ನುತ್ತಿದ್ದ, ಬೆಂಕಿ ಬೆಲ್ಲ ಬಸ್ಸು ಎಲ್ಲ ಸ್ಪಷ್ಟವಾಗಿ ಅನ್ನುತ್ತಿದ್ದ. ಮರುದಿನ ಶಾಲೆಯಲ್ಲಿ ಅದೇ ತಖ್ತೆಯ ಮುಂದೆ ಮತ್ತೆ ‘ಅಳಿ’. ವಾರಗಟ್ಟಲೆ ಹೀಗೇ ಆಯಿತು. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಅವನ ಭುಜ ಹಿಡಿದು ಅಲ್ಲಾಡಿಸಿದೆ, ನನ್ನನ್ನು ಗೋಳು ಹೊಯ್ದುಕೊಳ್ಳುತ್ತೀಯೇನು ಎಂದು ಕೂಗಿದೆ. ಅವನಿಗೆ ನನ್ನ ಸಿಟ್ಟು ಯಾಕೆ ಎಂದೇ ತಿಳಿಯಲಿಲ್ಲ.

ಕೊನೆಗೆ ಒಂದು ದಿನ ಅಪ್ಪನ ಟವೆಲು ತಲೆಗೆ ಸುತ್ತಿ, ಒಂದು ಕಟ್ಟಿಗೆ ಹಿಡಿದು, ಈಗ ನಾನು ಮಾಸ್ತರ, ಹೇಳು ಅಂದೆ. ಶರಣು ಕೂಡಲೇ ಎದ್ದು ನಿಂತ. ಅಂಗಿ ಎಳೆದುಕೊಂಡ. ಬಗ್ಗಿ, ಸಾಲಾಗಿ ಇಟ್ಟಿದ್ದ ಕಾಳುಗಳಲ್ಲಿ ಮೊದಲನೆಯದನ್ನು ಬೆರಳಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕೈಕಟ್ಟಿ ನಿಂತು, ಬಹಳ ವಿನಯದಿಂದ ‘ಅಳಿ’ ಅಂದ. ಆ ಕಾಳು ಯಾಕೆ ತೆಗೆದೆ ಎಂದು ಕೇಳಿದೆ.

“ನೀ ಅಕ್ಕ ಇದ್ದಾಗ ಬಳಿ. ನೀ ಮಾಸ್ತರ ಇದ್ದಾಗ ಅಳಿ. ದೊಡ್ಡವರ ಮುಂದ ಪೂರಾ ಹೇಳಬಾರದಕ್ಕಾ. ಅವ್ವ ಹೇಳ್ತಾಳೇನು?”

ನಾನು ಟವೆಲು ಬಿಚ್ಚಿ ನೆಲದ ಮೇಲೆ ಕೂತೆ. ಮರ್ಯಾದೆ ಕೊಡುವುದು ಅಂದರೆ ಮಾತಿನ ಮೊದಲ ಸಪ್ಪಳವನ್ನು ಬಿಟ್ಟುಕೊಡುವುದು ಎಂದು ಈ ಹುಡುಗ ತಿಳಿದುಕೊಂಡಿದ್ದ. ಇದು ಬರೀ ‘ಬ’ ಒಂದರ ಕತೆ ಎಂದು ಅವನಿಗೆ ಯಾರು ಹೇಳಿದ್ದರು? ಅದನ್ನು ಹೇಳಬೇಕಾದರೂ ‘ಬ’ ಅನ್ನಬೇಕಲ್ಲ. ಮನೆಯಲ್ಲಿ ಅತಿ ಹೆಚ್ಚು ಮರ್ಯಾದಸ್ತರಾದ ಇಬ್ಬರು ಹೆಂಗಸರು ದೊಡ್ಡವರ ಎದುರು ಹೇಗೆ ಮಾತಾಡುತ್ತಾರೋ ಹಾಗೆ ಅವನು ಮಾಸ್ತರರ ಮುಂದೆ ಮಾತಾಡುತ್ತಿದ್ದ, ಅವರಿಗಿಂತ ಒಂದು ಕೈ ಹೆಚ್ಚಾಗಿ, ಪ್ರತಿ ಮಾತಿನ ಮೊದಲ ಸಪ್ಪಳವನ್ನೂ ಬಿಟ್ಟುಕೊಟ್ಟು. ಇಡೀ ಶಾಲೆಯಲ್ಲಿ ಮಾಸ್ತರರಿಗೆ ಅಷ್ಟು ಗೌರವ ಕೊಟ್ಟ ಹುಡುಗ ಇನ್ನೊಬ್ಬ ಇರಲಿಲ್ಲ. ಬಿಸಿಲಲ್ಲಿ ನಿಂತದ್ದೂ ಅವನೊಬ್ಬನೇ. ನಿನಗೆ ಮಾಸ್ತರರ ಮುಂದೆ ಪೂರಾ ಹೇಳಬಹುದು ಎಂದು ನಾನು ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಅಕ್ಕನಿಗೆ ಏನು ಗೊತ್ತು, ಅಕ್ಕನಿಗೆ ಆಯಿ ದಿನಾ ಬೈಯುತ್ತಾಳೆ.

ನಾನು ಮಾಸ್ತರರ ಹತ್ತಿರ ಹೋಗಿ ಹೇಳಿದೆ. ಅವರು ನಕ್ಕು, ಹೋಗಿ ನಿನ್ನ ಮಗ್ಗಿ ಕಲಿ ಅಂದರು. ಅಪ್ಪನ ಹತ್ತಿರ ಹೋದೆ. ಅವನು ಒಂದು ತಂಬಿಗೆಯ ತಗ್ಗು ನೋಡುತ್ತ ಎಲ್ಲ ಕೇಳಿಸಿಕೊಂಡ, ಕೇಳಿಸಿಕೊಂಡು, ಮುತ್ಯಾನ ಮುಂದೆ ಅವರ ಹೆಸರಿನ ಮಾತು ನಾನು ಹ್ಯಾಗೆ ತೆಗೆಯಲಿ, ಅದು ಹೆಂಗಸರ ರಿವಾಜು ಅಂದ. ಮುತ್ಯಾನ ಹತ್ತಿರವೂ ಹೋದೆ. ಅವನು ಗಿರಾಕಿಯ ಜೊತೆ ತೂಕದ ಮೇಲೆ ವಾದಕ್ಕೆ ಬಿದ್ದಿದ್ದ, ನಾನು ಬಾಯಿ ತೆರೆಯುವ ಮೊದಲೇ ಕೈಗೆ ಪೆಪ್ಪರಮಿಂಟು ಇಟ್ಟು ಒಳಗೆ ಅಟ್ಟಿದ. ದೊಡ್ಡವರಿಗೆ ಏನಾದರೂ ಹೇಳುವುದು ಅಂದರೆ ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ ಎನ್ನುವುದನ್ನು ನಾನು ಆ ವಾರ ಚೆನ್ನಾಗಿ ಕಲಿತೆ. ಉಳಿದವಳು ಅವ್ವ ಒಬ್ಬಳೇ. ಅವಳು ಹೇಳಿದರೆ ಮಾತ್ರ ಶರಣು ನಂಬುತ್ತಿದ್ದ. ಹೇಳುವುದೂ ಬೇಕಿರಲಿಲ್ಲ. ಒಂದೇ ಒಂದು ಸಲ, ದೊಡ್ಡವರ ಎದುರಿಗೆ, ಒಂದು ಮಾತನ್ನು ಇಡಿಯಾಗಿ ಅಂದಿದ್ದರೆ ಸಾಕಿತ್ತು. ಅವಳು ರೊಟ್ಟಿ ಬಡಿಯುತ್ತಿದ್ದಾಗ ಎದುರಿಗೆ ಕೂತು ಕಾಳಿನ ಕತೆಯೆಲ್ಲ ಹೇಳಿದೆ. ಮುತ್ಯಾ ಪಡಸಾಲೆಯಲ್ಲಿ ಇದ್ದಾಗ ಶರಣುವನ್ನು ಒಮ್ಮೆ ‘ಬಾ’ ಎಂದು ಕರಿ ಅಂದೆ. ಅವಳ ಕೈ ಹಿಟ್ಟಿನ ಮೇಲೇ ನಿಂತಿತು. ಅವಳಿಗೆ ಎಲ್ಲ ಅರ್ಥವಾಯಿತು, ಅದು ನನಗೆ ಮುಖದಲ್ಲೇ ಕಂಡಿತು. ಅರ್ಥವಾಗಿಯೂ ಅವಳು ತಲೆ ಅಲ್ಲಾಡಿಸಿದಳು.

“ನೀ ಸಣ್ಣಕಿ, ನಿಂಗ ತಿಳಿಯಂಗಿಲ್ಲ. ಒಂದು ಕೂಸು ಕೊಟ್ಟು ಕಲ್ತೀನಿ ನಾ ಇದನ್ನ. ಇವನ ಜೀವ ಮೊದಲ, ಸಾಲಿ ಆಮ್ಯಾಲ.”

ನನಗೆ ಅವಳ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅಂದು ಊಟ ಮಾಡಲಿಲ್ಲ. ಒಂದು ಸಪ್ಪಳ, ತುಟಿ ಮುಚ್ಚಿ ತೆರೆಯುವಷ್ಟು ಕೆಲಸ! ಮಗನ ಓದಿಗಿಂತ ಅದು ದೊಡ್ಡದೇನು ಎಂದು ನಾನು ಚೀಲಗಳಿಗೆ ಒದ್ದು ಒದ್ದು ಕೇಳಿದೆ. ಮಗನಿಗೋಸ್ಕರವೇ ಅವಳು ಬಾಯಿ ಮುಚ್ಚಿದ್ದು, ಆ ಮುಚ್ಚಿದ ಬಾಯಿಯೇ ಮಗನ ದಾರಿಗೆ ಅಡ್ಡ ನಿಂತದ್ದು, ಇವೆರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳುವ ವಯಸ್ಸು ನನ್ನದಲ್ಲ. ಈಗ ಆ ವಯಸ್ಸು ಬಂದಿದೆ, ಹಾಗಂತ ಸಮಾಧಾನ ಏನೂ ಆಗಿಲ್ಲ. ಅವಳ ಎದುರು ಕೂತಿದ್ದಾಗ ನನಗೆ ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು, ಹಿಟ್ಟಿನ ಪರಾತ ಎತ್ತಿ ಎಸೆಯಬೇಕು ಅಂತಲೂ ಅನ್ನಿಸಿತು. ಎರಡೂ ಮಾಡಲಿಲ್ಲ.

ದೀಪಾವಳಿ ಮುಗಿದ ಮೇಲೆ ಮುತ್ಯಾ ತೀರ್ಮಾನ ಹೇಳಿದ. ಹುಮನಾಬಾದಿನಲ್ಲಿ ಒಂದು ಬೋರ್ಡಿಂಗ್ ಶಾಲೆ ಇದೆ, ಅಲ್ಲಿನ ಶಿಸ್ತು ಜೋರು, ಎಂಥವರನ್ನೂ ತಿದ್ದುತ್ತಾರೆ, ಹುಡುಗನನ್ನು ಅಲ್ಲಿಗೆ ಹಾಕೋಣ ಎಂದು ಮಾಸ್ತರರು ಹೇಳಿದ್ದರಂತೆ. ಅಪ್ಪ ಹೂಂ ಅಂದ. ಹೆಂಗಸರನ್ನು ಯಾರೂ ಕೇಳಲಿಲ್ಲ, ಕೇಳುವ ಪದ್ಧತಿಯೇ ಇರಲಿಲ್ಲ. ಆರು ತುಂಬಿದ ಹುಡುಗ, ರಾತ್ರಿ ಅವ್ವನ ಸೆರಗಿನ ತುದಿ ಹಿಡಿಯದೆ ನಿದ್ದೆ ಹೋಗದವನು. ಅವ್ವ ಟ್ರಂಕಿಗೆ ಅವನ ಅಂಗಿ ಚಡ್ಡಿ ಮಡಚಿ ಇಟ್ಟಳು, ಆಯಿ ಶೇಂಗಾ ಉಂಡಿ ಕಟ್ಟಿದಳು. ಮನೆ ತುಂಬ ಉಂಡಿಯ ಪಾಕದ ವಾಸನೆ, ಹಬ್ಬದ ಹಾಗೆ. ಶರಣು ಜೋಳದ ಕೋಣೆಗೆ ಬಂದು ನನ್ನ ಪಕ್ಕ ಕೂತ. ಅವನಿಗೆ ಊರು ಬಿಡುವುದರ ಭಯಕ್ಕಿಂತ ಬೇರೆಯೇ ಚಿಂತೆ ಇತ್ತು.

“ಅಲ್ಲಿ ಎಲ್ಲಾರೂ ದೊಡ್ಡವರೇ ಇರ್ತಾರೇನಕ್ಕಾ?”

ಹೌದು ಅಂದೆ. ಹಾಗಾದರೆ ತಾನು ಪೂರಾ ಮಾತು ಯಾರ ಹತ್ತಿರ ಆಡಬೇಕು ಎಂದು ಕೇಳಿದ. ಒಲೆಯ ಮುಂದೆ ಕೂತಿದ್ದ ಅವ್ವನಿಗೆ ಅದು ಕೇಳಿಸಿತು, ಕೋಣೆಗೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದು ಗೋಣಿ ತಟ್ಟಿನ ಪರದೆ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಮುತ್ಯಾ ಶರಣುವಿನ ಹಣೆಗೆ ವಿಭೂತಿ ಹಚ್ಚಿದ. ಅಪ್ಪ ಟ್ರಂಕು ಎತ್ತಿ ಪಡಸಾಲೆಗೆ ತಂದ, ಹೆದ್ದಾರಿಯಲ್ಲಿ ಹುಮನಾಬಾದಿನ ಬಸ್ಸು ಬರುವ ಹೊತ್ತಾಗಿತ್ತು. ಹೆಂಗಸರು ರೂಢಿಯಂತೆ ಅಂಗಳದ ಬಾಗಿಲ ಮರೆಯಲ್ಲಿ ನಿಂತಿದ್ದರು. ಶರಣು ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದಿದ್ದ, ಅಳುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ. ಅಪ್ಪ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಮುತ್ಯಾ ತಡವಾಗುತ್ತದೆ, ನಡೀರಿ ಅಂದ. ಆಗ ಅವ್ವ ಮರೆಯಿಂದ ಹೊರಗೆ ಬಂದಳು. ತಲೆಯ ಸೆರಗು ಜಾರಿತ್ತು, ಅದನ್ನು ಎಳೆದುಕೊಳ್ಳಲಿಲ್ಲ. ಗಂಡಸರು ಕೂರುವ ಪಡಸಾಲೆಯ ನಡುವೆ ನಿಂತು ಮುತ್ಯಾನ ಮುಖ ನೋಡಿದಳು. ಅವಳ ತುಟಿಗಳು ಕೂಡಿದವು, ಬಹಳ ಹೊತ್ತು ಕೂಡಿಯೇ ಇದ್ದವು.

“ಬ್ಯಾಡ.”

ಅವ್ವನ ಬಾಯಲ್ಲಿ ಆ ಮಾತನ್ನು ನಾನು ಅಲ್ಲಿಯತನಕ ಇಡಿಯಾಗಿ ಕೇಳಿರಲಿಲ್ಲ. ಮೊದಲ ಸಪ್ಪಳ ತೆಗೆದು ಅಂದದ್ದನ್ನೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಹೆಂಗಸರು ಏನನ್ನೂ ಬೇಡ ಅಂದವರೇ ಅಲ್ಲ ಎನ್ನುವುದು ನನಗೆ ಹೊಳೆದದ್ದು ಆಗಲೇ. ಬಾಗಿಲ ಮರೆಯಲ್ಲಿ ಆಯಿ ತನ್ನ ಬಾಯಿಯ ಮೇಲೆ ಅಂಗೈ ಒತ್ತಿಕೊಂಡಿದ್ದಳು. ಅಪ್ಪ ಶರಣುವಿನ ಕಿರುಬೆರಳು ಹಿಡಿದುಕೊಂಡೇ ಕಲ್ಲಾಗಿದ್ದ. ಅವ್ವ ಮುತ್ಯಾನನ್ನೇ ನೋಡುತ್ತಿದ್ದಳು, ಅವನು ಈಗ ಬೀಳುತ್ತಾನೆ, ಈಗ ಬೀಳುತ್ತಾನೆ ಎನ್ನುವ ಹಾಗೆ. ಮುತ್ಯಾ ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ನಿಜವಾದ ಆಶ್ಚರ್ಯ ಇತ್ತು.

“ಬ್ಯಾಡಂದ್ರ ಬ್ಯಾಡ, ಇರಲಿ ಬಿಡು. ಇದನ್ನ ಮೊದಲೇ ಹೇಳಬಾರದಾಗಿತ್ತೇನವಾ? ಯಾರು ತಡದಿದ್ರು ನಿನ್ನ?”

ಅಷ್ಟು ಹೇಳಿ ಅವನು ಅಂಗಡಿಯ ಬಾಗಿಲು ತೆರೆಯಲು ಹೋದ. ಯಾರು ತಡೆದಿದ್ದರು! ತನ್ನ ಹೆಸರಿನ ಮೊದಲ ಸಪ್ಪಳಕ್ಕೆ ಹೆದರಿ ಒಂದು ಮನೆಯ ಹೆಂಗಸರು ಬಾಗಿಲು ಬೆಂಕಿ ಬಿಸಿಲು ಎಲ್ಲವನ್ನೂ ಬಿಟ್ಟುಕೊಟ್ಟು ಕೂತಿದ್ದರು, ಅವನು ಅದನ್ನು ಯಾವತ್ತೂ ಬೇಡಿರಲಿಲ್ಲ, ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಅವನು ಒಳ್ಳೆಯವನು, ನನಗೆ ಅವನೆಂದರೆ ಜೀವ. ಆದರೂ ಆ ಒಂದು ಮಾತಿನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಆಯಿ ಎಷ್ಟೋ ದಿನ ಅವ್ವನ ಜೊತೆ ಮಾತು ಬಿಟ್ಟಳು. ಶರಣು ಮಾತ್ರ ಟ್ರಂಕಿನ ಮೇಲೆ ಕೂತು ಅವ್ವನನ್ನೂ ಮುತ್ಯಾ ಹೋದ ದಾರಿಯನ್ನೂ ಸರದಿಯ ಮೇಲೆ ನೋಡಿದ. ಮರುದಿನ ಶಾಲೆಯಲ್ಲಿ ಮಾಸ್ತರರು ಕೋಲನ್ನು ಚಿತ್ರದ ಮೇಲೆ ಇಡುವ ಮೊದಲೇ ಎದ್ದು, ಅರ್ಧ ಗೋಡೆಯ ಈಚೆಗೂ ಕೇಳುವಷ್ಟು ಜೋರಾಗಿ ಬಳಿ ಅಂದ. ಚಳಿಗಾಲ ಮುಗಿಯುವಷ್ಟರಲ್ಲಿ ಅವನು ಓದುತ್ತಿದ್ದ.

ಆದರೆ ಅದೆಲ್ಲ ಆಮೇಲಿನ ಮಾತು. ಆ ದಿನವಿಡೀ ಅವ್ವ ಕೆಲಸದ ನಡುವೆ ಎದ್ದೆದ್ದು ಹೋಗಿ ಶರಣುವಿನ ಹಣೆ ಮುಟ್ಟಿ ನೋಡುತ್ತಿದ್ದಳು. ಮಧ್ಯಾಹ್ನ ಊಟ ಮಾಡಿ ಮುತ್ಯಾ ಪಡಸಾಲೆಯಲ್ಲಿ ಸ್ವಲ್ಪ ಅಡ್ಡಾದಾಗ ಅವಳು ಅಂಗಳದ ಬಾಗಿಲಿಗೆ ಬಂದು ನಿಂತಳು. ಒಲೆಯ ಮೇಲೆ ಸಾರು ಹತ್ತಿ ಹೋದ ವಾಸನೆ ಬಂದರೂ ಕದಲಲಿಲ್ಲ. ಅವನ ಎದೆ ಏರುತ್ತಿದೆಯೇ, ಇಳಿಯುತ್ತಿದೆಯೇ ಎಂದು ಅವನು ಏಳುವ ತನಕ ನೋಡುತ್ತಲೇ ನಿಂತಿದ್ದಳು.